ಬ್ರೌಸರ್ ಏನು ಹೇಳುತ್ತದೆ ಅಂತ ಮಕ್ಕಳು ಒಮ್ಮೆ ಕೈಯಾರೆ ಓದಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಓದಿದ ಮಕ್ಕಳಿಗೆ ಕೆಲಸದ ತಿಳಿವಳಿಕೆ ಇಲ್ಲ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಪರಿಹಾರ ಅಂತ ಹೊಸ ಹೊಸ ಕೋರ್ಸುಗಳ ಹೆಸರೂ ಜೊತೆಗೇ ಬರುತ್ತದೆ. ನಾನು ಹಾಸನ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ನಾನು ಕೇಳುವುದು ಕೋರ್ಸ್ ಅಲ್ಲ, ಒಂದು ಮಧ್ಯಾಹ್ನ. ನೆಟ್‌ವರ್ಕ್ ಲ್ಯಾಬಿನಲ್ಲಿ ಪ್ರತಿ ವಿದ್ಯಾರ್ಥಿಯೂ ತಾನೇ ಒಂದು ಸಾಕೆಟ್, ಅಂದರೆ ಜಾಲದ ಮೇಲೆ ಎರಡು ಪ್ರೋಗ್ರಾಮುಗಳು ಮಾತಾಡುವ ಕೊಂಡಿ, ತೆರೆಯಬೇಕು. ಬ್ರೌಸರ್ ಕಳಿಸುವ ಎಚ್‌ಟಿಟಿಪಿ ಹೆಡರ್‌ಗಳನ್ನು ಯಾವ ಫ್ರೇಮ್‌ವರ್ಕಿನ ನೆರವೂ ಇಲ್ಲದೆ ಸಾಲು ಸಾಲಾಗಿ ಓದಬೇಕು. ನಾವು ಇದನ್ನು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುತ್ತಿದ್ದೇವೆ. ಅದರಿಂದ ಮಕ್ಕಳಿಗೆ ಏನು ಸಿಗುತ್ತದೆ ಅಂತ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಕಂಪ್ಯೂಟರ್ ಓದದವರಿಗಾಗಿ ಎರಡು ಮಾತು. ನೀವು ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೆರೆದಾಗ ಬ್ರೌಸರ್ ಆ ಕಡೆಯ ಸರ್ವರಿಗೆ, ಅಂದರೆ ಪುಟ ಕೊಡುವ ಕಂಪ್ಯೂಟರಿಗೆ, ಒಂದು ಕೋರಿಕೆ ಕಳಿಸುತ್ತದೆ. ಇಬ್ಬರೂ ಹೇಗೆ ಮಾತಾಡಬೇಕು ಎಂಬ ನಿಯಮವೇ ಎಚ್‌ಟಿಟಿಪಿ. ಎಚ್‌ಟಿಟಿಪಿಯ 1.1 ಆವೃತ್ತಿಯಲ್ಲಿ ಆ ಕೋರಿಕೆ ಬರೀ ಅಕ್ಷರಗಳ ಸಾಲುಗಳು. ಮೊದಲ ಸಾಲಿನಲ್ಲಿ ಯಾವ ಪುಟ ಬೇಕು ಅಂತ ಇರುತ್ತದೆ. ಅದರ ಕೆಳಗಿನ ಸಾಲುಗಳೇ ಹೆಡರ್‌ಗಳು. ಪ್ರತಿ ಸಾಲಿನಲ್ಲೂ ಒಂದು ಹೆಸರು, ಒಂದು ಕೋಲನ್, ಆಮೇಲೆ ಒಂದು ವಿಷಯ. ಪತ್ರಿಕೆಗಾಗಿ ಕನ್ನಡ ಅಕ್ಷರದಲ್ಲೇ ಬರೆದರೆ ಸುಮಾರಾಗಿ ಹೀಗೆ:

ಗೆಟ್ / ಎಚ್‌ಟಿಟಿಪಿ/1.1
ಹೋಸ್ಟ್: 192.168.1.20:8080
ಯೂಸರ್-ಏಜೆಂಟ್: ಮೊಜಿಲ್ಲಾ/5.0 …
ಅಕ್ಸೆಪ್ಟ್-ಲ್ಯಾಂಗ್ವೇಜ್: ಕೆಎನ್-ಐಎನ್,ಕೆಎನ್;ಕ್ಯೂ=0.9,ಇಎನ್;ಕ್ಯೂ=0.8

ಕೊನೆಗೆ ಒಂದು ಖಾಲಿ ಸಾಲು. ಅಷ್ಟೇ.

1991ರಲ್ಲಿ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಬರೆದಿಟ್ಟ ಮೊದಲ ರೂಪದಲ್ಲಿ ಹೆಡರ್ ಎಂಬುದೇ ಇರಲಿಲ್ಲ. ಗೆಟ್ ಅಂತ ಬರೆದು ಪುಟದ ದಾರಿ ಹೇಳಿದರೆ ಮುಗಿಯಿತು. 1996ರ 1.0 ಆವೃತ್ತಿಯ ದಾಖಲೆಯಲ್ಲಿ ಹೆಡರ್‌ಗಳು ಬಂದವು. 1997ರಲ್ಲಿ 1.1 ಬಂದಾಗ ಹೋಸ್ಟ್ ಸಾಲು ಕಡ್ಡಾಯವಾಯಿತು. ಅಷ್ಟರಲ್ಲಿ ಒಂದೇ ಐಪಿ ವಿಳಾಸದ ಮೇಲೆ ಎಷ್ಟೋ ತಾಣಗಳು ಕೂತಿದ್ದವು. ಯಾವ ತಾಣ ಬೇಕು ಅಂತ ಬ್ರೌಸರ್ ಬಾಯಿಬಿಟ್ಟು ಹೇಳದಿದ್ದರೆ ಸರ್ವರಿಗೆ ತಿಳಿಯುವ ದಾರಿ ಇರಲಿಲ್ಲ. ಈಗಲೂ 1.1ರ ಕೋರಿಕೆಯಲ್ಲಿ ಆ ಸಾಲು ಇಲ್ಲದಿದ್ದರೆ ಸರ್ವರ್ 400, ಅಂದರೆ ಕೋರಿಕೆಯೇ ತಪ್ಪು, ಅಂತ ವಾಪಸ್ ಕಳಿಸಬೇಕು ಎಂಬುದು ನಿಯಮ.

ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಬರೆದೂ ಹೇಳಬಹುದು. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ತಮ್ಮದೇ ಮೊಬೈಲ್ ಕಳಿಸಿದ ಸಾಲುಗಳು ತಾವೇ ಬರೆದ ಪ್ರೋಗ್ರಾಮಿನ ಕಿಟಕಿಯಲ್ಲಿ ಮೂಡಿದಾಗ ಅವರ ಮುಖದಲ್ಲಿ ಕಾಣುವ ಬೆಳಕು ಬೇರೆ.

ನಮ್ಮ ಲ್ಯಾಬುಗಳಲ್ಲಿ ಸಾಕೆಟ್ ಪ್ರಯೋಗ ಮೊದಲಿನಿಂದ ಇದೆ. ಕ್ಲೈಂಟ್ ಒಂದು ಫೈಲಿನ ಹೆಸರು ಕಳಿಸುತ್ತದೆ, ಸರ್ವರ್ ಆ ಫೈಲಿನಲ್ಲಿ ಇರುವುದನ್ನು ಕಳಿಸುತ್ತದೆ. ಎರಡೂ ಪ್ರೋಗ್ರಾಂ ಒಬ್ಬರೇ ಬರೆದದ್ದು, ಒಂದೇ ಕಂಪ್ಯೂಟರಿನಲ್ಲಿ ಓಡುವುದು. ಅಲ್ಲಿ ಅಚ್ಚರಿ ಪಡಲು ಏನೂ ಇಲ್ಲ. ತಾವೇ ಕಳಿಸಿದ್ದು ತಮಗೇ ಬರುತ್ತದೆ, ರೆಕಾರ್ಡ್ ಬುಕ್ಕಿಗೆ ಸಹಿ ಬೀಳುತ್ತದೆ. ಎದುರುಗಡೆ ಇನ್ಯಾರೋ ಬರೆದ ಬ್ರೌಸರ್ ಇದ್ದಾಗ ಮಾತ್ರ ಪ್ರಶ್ನೆಗಳು ಹುಟ್ಟುತ್ತವೆ.

ಮೊದಲ ಪ್ರಶ್ನೆ ಹತ್ತು ನಿಮಿಷದೊಳಗೆ ಬರುತ್ತದೆ. ಗೋ ಭಾಷೆಯಲ್ಲಿ ನೆಟ್ ಎಂಬ ಪ್ಯಾಕೇಜಿನ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಲಿಸನ್ ಕರೆದರೆ ಪೋರ್ಟ್ ತೆರೆಯುತ್ತದೆ. ಪೋರ್ಟ್ ಅಂದರೆ ಹೊರಗಿನವರು ಬಂದು ಸೇರುವ, ಸಂಖ್ಯೆ ಇರುವ ಬಾಗಿಲು. ಅಕ್ಸೆಪ್ಟ್ ಕರೆದರೆ ಬಂದವರ ಸಂಪರ್ಕ ಕೈಗೆ ಸಿಗುತ್ತದೆ. ಇನ್ನು ಓದಬೇಕು. ಐಓ ಪ್ಯಾಕೇಜಿನಲ್ಲಿ ರೀಡ್‌ಆಲ್ ಅಂತ ಒಂದು ಇದೆ, ಎಲ್ಲವನ್ನೂ ಓದು ಅಂತ ಅರ್ಥ. ಜಾಣ ಮಕ್ಕಳು ಅದನ್ನೇ ಹಾಕುತ್ತಾರೆ. ಬ್ರೌಸರಿನಲ್ಲಿ ವಿಳಾಸ ಕೊಡುತ್ತಾರೆ. ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಪರದೆಯ ಮೇಲೆ ಏನೂ ಇಲ್ಲ.

"ಮೇಡಂ, ಹ್ಯಾಂಗ್ ಆಗಿದೆ."

"ಹ್ಯಾಂಗ್ ಆಗಿಲ್ಲಪ್ಪಾ, ಕಾಯ್ತಾ ಇದೆ. ಬ್ರೌಸರಿನಲ್ಲಿ ಸ್ಟಾಪ್ ಒತ್ತು ನೋಡೋಣ."

ಸ್ಟಾಪ್ ಒತ್ತಿದ ಕೂಡಲೇ ಎಲ್ಲಾ ಹೆಡರ್‌ಗಳೂ ಒಮ್ಮೆಗೇ ಪರದೆಯ ಮೇಲೆ ಬರುತ್ತವೆ. ಇಡೀ ತರಗತಿ ಆ ಮೇಜಿನ ಸುತ್ತ ಸೇರುತ್ತದೆ. ಯಾಕೆ ಹೀಗಾಯಿತು? ರೀಡ್‌ಆಲ್ ಓದುವುದು ಸಂಪರ್ಕ ಮುಗಿಯುವ ತನಕ. ಬ್ರೌಸರ್ ತನ್ನ ಮಾತು ಹೇಳಿ ಮುಗಿಸಿದೆ, ಆದರೆ ಸಂಪರ್ಕ ಮುಚ್ಚಿಲ್ಲ, ಉತ್ತರಕ್ಕೆ ಕಾದಿದೆ. ಸರ್ವರ್ ಇನ್ನೂ ಏನೋ ಬರುತ್ತದೆ ಅಂತ ಕಾದಿದೆ. ಇಬ್ಬರೂ ಕಾಯುತ್ತಿದ್ದಾರೆ. ಹಾಗಾದರೆ ಮಾತು ಮುಗಿಯಿತು ಅಂತ ತಿಳಿಯುವುದು ಹೇಗೆ? ಆಗ ಖಾಲಿ ಸಾಲಿನ ಬೆಲೆ ಗೊತ್ತಾಗುತ್ತದೆ. ಜಾಲದಲ್ಲಿ ಎಲ್ಲವೂ ಹೋಗುವುದು ಬೈಟ್ ಎಂಬ ಸಣ್ಣ ಸಂಖ್ಯೆಗಳಾಗಿ. ಸಾಲು ಮುಗಿಯಿತು ಎಂಬುದರ ಗುರುತು 13, 10. ಬೈಟ್ ಲೆಕ್ಕದಲ್ಲಿ ಕೊನೆಗೆ ಬರುವುದು 13, 10, 13, 10. ಮೊದಲ ಜೋಡಿ ಕೊನೆಯ ಹೆಡರ್ ಸಾಲನ್ನು ಮುಗಿಸುತ್ತದೆ, ಎರಡನೆಯದು ಖಾಲಿ ಸಾಲು. ಹೆಡರ್ ಮುಗಿದಿದೆ ಅಂತ ಹೇಳಲು ಇಡೀ ಕೋರಿಕೆಯಲ್ಲಿ ಬೇರೆ ಯಾವ ಗುರುತೂ ಇಲ್ಲ.

ಇದಾದ ಮೇಲೆ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. 1024 ಬೈಟ್ ಹಿಡಿಯುವ ಬಫರ್ ಎಂಬ ಜಾಗ ಇಟ್ಟು ಒಂದೇ ಸಲ ರೀಡ್ ಕರೆಯುತ್ತಾರೆ. ಲ್ಯಾಬಿನ ಹೊಸ ಬ್ರೌಸರಿನಲ್ಲಿ ಅದು ಕೆಲಸ ಮಾಡಿಬಿಡುತ್ತದೆ. ಅದೇ ದೊಡ್ಡ ಅಪಾಯ. ಪಕ್ಕದ ಮೇಜಿನಲ್ಲಿ ಹಳೇ ಪ್ರಾಜೆಕ್ಟುಗಳ ಕುಕಿಗಳು ಲೋಕಲ್‌ಹೋಸ್ಟ್ ಹೆಸರಿನಲ್ಲಿ ಕೂತಿರುತ್ತವೆ. ಕುಕಿ ಅಂದರೆ ತಾಣ ಬ್ರೌಸರಿನಲ್ಲಿ ಇಟ್ಟು, ಪ್ರತಿ ಕೋರಿಕೆಯ ಜೊತೆ ವಾಪಸ್ ಬರುವ ಸಣ್ಣ ಚೀಟಿ. ಲೋಕಲ್‌ಹೋಸ್ಟ್ ಅಂದರೆ ಇದೇ ಕಂಪ್ಯೂಟರ್. ಕುಕಿಗಳಿಗೆ ಪೋರ್ಟಿನ ಭೇದ ಇಲ್ಲ. ಬೇರೆ ಪೋರ್ಟಿನ ಪ್ರಾಜೆಕ್ಟ್ ಇಟ್ಟ ಕುಕಿ ಇಲ್ಲಿಗೂ ಬರುತ್ತದೆ. ಹೆಡರ್ ಉದ್ದವಾಗಿ 1024 ದಾಟುತ್ತದೆ, ಅರ್ಧ ಸಾಲಿಗೇ ಕತ್ತರಿಸಿ ಹೋಗುತ್ತದೆ. ಇದನ್ನೆಲ್ಲ ಕೆಳಗಿನಿಂದ ಸಾಗಿಸುವ ಟಿಸಿಪಿ ಎಂಬ ವ್ಯವಸ್ಥೆ ಕೊಡುವುದು ಬೈಟುಗಳ ಹರಿವು ಅಂತ ಪುಸ್ತಕದಲ್ಲಿ ಇದೆ. ನಲ್ಲಿಯ ನೀರಿನ ಹಾಗೆ, ಒಂದು ಸಲ ತಿರುಗಿಸಿದರೆ ಸರಿಯಾಗಿ ಒಂದು ಕೊಡ ಬಂದು ನಿಲ್ಲಬೇಕು ಅಂತ ಏನಿಲ್ಲ. ಆ ಕಡೆ ಒಂದೇ ಸಲ ಕಳಿಸಿದ್ದು ಈ ಕಡೆ ಎರಡು ತುಂಡಾಗಿ ಬರಬಹುದು. ಎರಡು ಸಲ ಕಳಿಸಿದ್ದು ಒಂದೇ ತುಂಡಾಗಿಯೂ ಬರಬಹುದು.

ಅದಕ್ಕೇ ಬಫ್‌ಐಓ ಪ್ಯಾಕೇಜಿನ ರೀಡರ್. ಅದು ಸಂಪರ್ಕದಿಂದ ಬಂದಷ್ಟನ್ನು ತನ್ನಲ್ಲಿ ಇಟ್ಟುಕೊಂಡು, ಸಾಲು ಪೂರ್ತಿಯಾದಾಗ ಮಾತ್ರ ನಮಗೆ ಕೊಡುತ್ತದೆ. ಸಾಲು ಓದು, ಕೊನೆಯ ಎರಡು ಬೈಟ್ ತೆಗೆ, ಉಳಿದದ್ದು ಖಾಲಿಯಾಗಿದ್ದರೆ ನಿಲ್ಲು. ಇಲ್ಲದಿದ್ದರೆ ಕೋಲನ್ ಇರುವಲ್ಲಿ ಎರಡು ಮಾಡು. ಇಲ್ಲೂ ಒಂದು ಗುಂಡಿ ಇದೆ. ಎಲ್ಲಾ ಕೋಲನ್‌ಗಳಲ್ಲೂ ಕತ್ತರಿಸಿದವರ ಹೋಸ್ಟ್ ಸಾಲಿನಲ್ಲಿ 8080 ಕಾಣೆಯಾಗುತ್ತದೆ, ಯಾಕೆಂದರೆ ವಿಳಾಸಕ್ಕೂ ಪೋರ್ಟಿಗೂ ನಡುವೆ ಇರುವುದೂ ಕೋಲನ್ನೇ. ಮೊದಲ ಕೋಲನ್‌ನಲ್ಲಿ ಮಾತ್ರ ಕತ್ತರಿಸಬೇಕು. 2022ರ ಗೋ 1.18ರಲ್ಲಿ ಬಂದ ಸ್ಟ್ರಿಂಗ್ಸ್ ಕಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೆಡರ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ವ್ಯತ್ಯಾಸ ಇಲ್ಲ ಎಂಬುದನ್ನೂ ಆಗಲೇ ಹೇಳಿಬಿಡುತ್ತೇನೆ.

ಗೋ ಯಾಕೆ ಅಂತ ಕೇಳುವವರಿದ್ದಾರೆ. ಸಿ ಭಾಷೆಯಲ್ಲಿ ಮಾಡಿದರೆ ಸಾಕೆಟ್, ಬೈಂಡ್, ಲಿಸನ್ ಅಂತ ವಿಳಾಸದ ರಚನೆಗಳನ್ನು ತುಂಬುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಗೋದಲ್ಲಿ ಆ ಭಾಗ ಒಂದೇ ಸಾಲು, ಆದರೆ ಓದುವ ಕೆಲಸ ನಮ್ಮ ಕೈಯಲ್ಲೇ ಉಳಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ದೋಷ ಬಂತೇ ಅಂತ ಎದುರಿಗೇ ನೋಡಬೇಕಾಗುತ್ತದೆ. ಪ್ರಮಾಣಿತ ಲೈಬ್ರರಿ ಮಾತ್ರ ಬಳಸಿದರೆ ಇಂಟರ್ನೆಟ್ ಬೇಕಿಲ್ಲ. ಸಿದ್ಧವಾದ ಪ್ರೋಗ್ರಾಂ ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಪಕ್ಕದ ಮೇಜಿಗೆ ಒಯ್ಯಬಹುದು. ನಮ್ಮಂಥ ಊರಿನ ಕಾಲೇಜಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಕಾರಣ ಗೋರೂಟೀನ್, ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಬೇರೆ ಕೆಲಸಗಳ ಜೊತೆಜೊತೆಗೇ ನಡೆಯುವ ಕೆಲಸ. ಕ್ರೋಮ್ ಬ್ರೌಸರ್ ಕೆಲವೊಮ್ಮೆ ಮುಂದೆ ಬೇಕಾಗಬಹುದು ಅಂತ ಹೆಚ್ಚುವರಿ ಸಂಪರ್ಕ ಒಂದನ್ನು ತೆರೆದು ಸುಮ್ನೆ ಇಟ್ಟುಕೊಳ್ಳುತ್ತದೆ, ಅದರಲ್ಲಿ ಏನೂ ಕಳಿಸುವುದಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ಉತ್ತರಿಸುವ ಸರ್ವರ್ ಆ ಮೌನದ ಸಂಪರ್ಕದ ಮುಂದೆ ಸಿಕ್ಕಿಕೊಳ್ಳುತ್ತದೆ. ಉತ್ತರಿಸುವ ಕರೆಯ ಮೊದಲು ಗೋ ಎಂಬ ಪದ ಸೇರಿಸಿದರೆ ಪ್ರತಿ ಸಂಪರ್ಕಕ್ಕೂ ಬೇರೆ ಗೋರೂಟೀನ್. ಒಂದೊಂದಕ್ಕೆ ಬೇಕಾದ ಸ್ಟಾಕ್ ಎಂಬ ಮೆಮೊರಿ 2 ಕೆಬಿಯಿಂದ ಶುರುವಾಗುತ್ತದೆ, ಹಳೇ ಕಂಪ್ಯೂಟರಿಗೂ ಭಾರವಲ್ಲ. ಒಂದೇ ಹೊತ್ತಿಗೆ ಹಲವು ಕೆಲಸ ನಡೆಯಬೇಕು ಎಂಬ ಪಾಠವನ್ನು ಇಷ್ಟು ಸಹಜವಾಗಿ ನಾನು ಬೇರೆಲ್ಲೂ ಹೇಳಲು ಆಗಿಲ್ಲ.

ಸಂಪಾದಕರೇ, ಈ ಪತ್ರವನ್ನು ನಾನು ಕನ್ನಡ ಪತ್ರಿಕೆಗೆ ಬರೆಯಲು ಬೇರೆಯೇ ಕಾರಣ ಇದೆ. ಈಗ ಅದಕ್ಕೆ ಬರುತ್ತೇನೆ.

ಮಕ್ಕಳು ತಮ್ಮ ಮೊಬೈಲುಗಳನ್ನು ಲ್ಯಾಬಿನ ವೈಫೈಗೆ ಸೇರಿಸಿ ತಮ್ಮ ಸರ್ವರಿನ ವಿಳಾಸ ತೆರೆಯುತ್ತಾರೆ. ಮೊದಲು ಎಲ್ಲರೂ ನೋಡುವುದು ಯೂಸರ್-ಏಜೆಂಟ್ ಸಾಲು, ನನ್ನ ಫೋನಿನ ಹೆಸರು ಬಂತಾ ಅಂತ. ಆಂಡ್ರಾಯ್ಡ್ ಫೋನಿನ ಕ್ರೋಮ್ 2023ರಿಂದ ಫೋನಿನ ಮಾಡೆಲ್ ಹೇಳುವುದನ್ನು ಈ ಸಾಲಿನಲ್ಲಿ ಬಿಟ್ಟಿದೆ. ಯಾವ ಕಂಪನಿಯ ಫೋನ್ ಆದರೂ ಆಂಡ್ರಾಯ್ಡ್ 10, ಕೆ ಅಂತಲೇ ಹೇಳುತ್ತದೆ. ಜನರ ಗುರುತು ಹಿಡಿಯುವುದು ಕಷ್ಟವಾಗಲಿ ಅಂತ ಮಾಡಿದ್ದು. ಹಳೇ ಕ್ರೋಮ್ ಇರುವ ಫೋನು ಮಾತ್ರ ತನ್ನ ಮಾಡೆಲ್ ಸಮೇತ ಹೇಳಿಬಿಡುತ್ತದೆ. ಬ್ರೌಸರ್ ಅಪ್‌ಡೇಟ್ ಮಾಡಿ ಅಂತ ಎಷ್ಟು ಹೇಳಿದರೂ ಕೇಳದ ಮಕ್ಕಳು ಆ ಸಾಲು ನೋಡಿದ ಮೇಲೆ ತಾವಾಗೇ ಮಾಡುತ್ತಾರೆ.

ಆಮೇಲೆ ಕಣ್ಣು ಅಕ್ಸೆಪ್ಟ್-ಲ್ಯಾಂಗ್ವೇಜ್ ಸಾಲಿಗೆ ಬೀಳುತ್ತದೆ. ನನಗೆ ಯಾವ ಭಾಷೆ ಬೇಕು ಅಂತ ಬ್ರೌಸರ್ ಹೇಳುವ ಸಾಲು ಇದು. ಹೆಚ್ಚಿನ ಮಕ್ಕಳ ಫೋನು ಇಂಗ್ಲಿಷ್ ಅಂತ ಹೇಳುತ್ತಿರುತ್ತದೆ, ಅಂಗಡಿಯಲ್ಲಿ ಹಾಗೇ ಸೆಟ್ ಮಾಡಿ ಕೊಟ್ಟಿರುತ್ತಾರೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಮತ್ತೆ ಪುಟ ತೆರೆದರೆ ಸಾಲಿನಲ್ಲಿ ಮೊದಲು ಕೆಎನ್ ಎಂಬ ಗುರುತು ಬರುತ್ತದೆ, ಅದು ಕನ್ನಡದ ಅಂತರರಾಷ್ಟ್ರೀಯ ಸಂಕೇತ. ಕ್ಯೂ ಮುಂದಿನ ಸಂಖ್ಯೆ ಆ ಭಾಷೆ ಎಷ್ಟರ ಮಟ್ಟಿಗೆ ಬೇಕು ಎಂಬುದರ ಅಳತೆ. ಮೊದಲು ಕನ್ನಡ, ಅದು ಇಲ್ಲದಿದ್ದರೆ ಇಂಗ್ಲಿಷ್. ಇಷ್ಟು ಸ್ಪಷ್ಟವಾಗಿ, ಪ್ರತಿ ಕೋರಿಕೆಯಲ್ಲೂ, ಕನ್ನಡ ಆರಿಸಿಕೊಂಡ ಪ್ರತಿಯೊಬ್ಬರ ಫೋನೂ ಇದನ್ನು ಹೇಳುತ್ತಿದೆ.

"ಮತ್ತೆ ವೆಬ್‌ಸೈಟುಗಳು ಇಂಗ್ಲಿಷಿನಲ್ಲೇ ಯಾಕೆ ಮೇಡಂ ತೆರೆಯೋದು?" ಅಂತ ಒಬ್ಬ ಹುಡುಗಿ ಕೇಳಿದಳು. ಅವಳ ತಂದೆ ಯಾವುದೋ ಅರ್ಜಿ ಹಾಕಲು ಹೋಗಿ, ಪುಟ ಇಂಗ್ಲಿಷಿನಲ್ಲಿ ತೆರೆದದ್ದಕ್ಕೆ ಮುಚ್ಚಿ ಎದ್ದು ಬಂದಿದ್ದರಂತೆ. ಆ ಪುಟಕ್ಕೆ ಕನ್ನಡ ರೂಪವೂ ಇತ್ತು. ಮೂಲೆಯಲ್ಲಿ ಚಿಕ್ಕ ಗುಂಡಿಯ ಹಿಂದೆ ಇತ್ತು. ನಾನು ಹೇಳಿದ ಉತ್ತರ ಇಷ್ಟೇ: ಸಾಲು ಬಂದಿದೆ, ಆ ಕಡೆ ಓದಿಲ್ಲ.

ಅವತ್ತು ಆ ತಂಡ ತಮ್ಮ ಸರ್ವರಿಗೆ ಇನ್ನೊಂದಿಷ್ಟು ಸಾಲು ಸೇರಿಸಿತು. ಅಕ್ಸೆಪ್ಟ್-ಲ್ಯಾಂಗ್ವೇಜ್‌ನಲ್ಲಿ ಕೆಎನ್ ಮೊದಲು ಬಂದರೆ ಕನ್ನಡದಲ್ಲಿ ಉತ್ತರ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ಹತ್ತು ಹದಿನೈದು ಸಾಲಿನ ಕೆಲಸ. ಪೂರ್ತಿ ನಿಯಮದ ಪ್ರಕಾರ ಕ್ಯೂ ಸಂಖ್ಯೆಗಳನ್ನೂ ಹೋಲಿಸಿ ಮಾಡಬೇಕಾದರೆ ಗೋ ತಂಡದವರೇ ಕೊಟ್ಟಿರುವ ಟೆಕ್ಸ್ಟ್ ಪ್ಯಾಕೇಜಿನಲ್ಲಿ ಸಿದ್ಧ ಸೌಲಭ್ಯ ಇದೆ. ಈ ಸಾಲನ್ನೇ ನಂಬಿ ಜನರನ್ನು ಒಂದು ಭಾಷೆಗೆ ಕಟ್ಟಿಹಾಕಬಾರದು, ಅದೂ ನಿಜ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಕೂತವರ ಭಾಷೆ ಬೇರೆ, ಆ ಕಂಪ್ಯೂಟರ್ ಹೇಳುವ ಭಾಷೆ ಬೇರೆ ಇರಬಹುದು. ಬದಲಿಸುವ ಗುಂಡಿ ದೊಡ್ಡದಾಗಿ ಕಾಣುವಂತೆ ಇರಲೇಬೇಕು. ಆದರೆ ಮೊದಲ ಸಲ ಯಾವ ಭಾಷೆಯಲ್ಲಿ ತೆರೆಯಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವು ಇನ್ನೇನು ಬೇಕು? ನಾಳೆ ಸರ್ಕಾರಿ ಪೋರ್ಟಲ್‌ಗಳನ್ನು, ಬ್ಯಾಂಕಿನ ಪುಟಗಳನ್ನು ಕಟ್ಟುವವರು ಇದೇ ಮಕ್ಕಳು. ಇಂಥ ಒಂದು ಸಾಲು ಬರುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡವರು ಅದನ್ನು ಬಿಟ್ಟು ಪುಟ ಕಟ್ಟಲಾರರು ಎಂಬ ನಂಬಿಕೆ ನನ್ನದು.

ಕನ್ನಡದ ವಿಷಯದಲ್ಲಿ ಇನ್ನೂ ಒಂದು ಪಾಠ ಇಲ್ಲೇ ಸಿಗುತ್ತದೆ. ವಿಳಾಸದ ಕೊನೆಗೆ ಓರೆಗೆರೆ ಹಾಕಿ ಕನ್ನಡ ಅಂತ ಟೈಪ್ ಮಾಡಿದರೆ ಸಾಕೆಟಿನಲ್ಲಿ ಬರುವುದು ಕನ್ನಡ ಅಕ್ಷರ ಅಲ್ಲ. %ಇ0%ಬಿ2%95 ಅಂತ ಶುರುವಾಗುವ 45 ಅಕ್ಷರಗಳ ಉದ್ದನೆಯ ಸಾಲು. ಆ ಮೊದಲ ಮೂರು ಜೋಡಿ ಬರೀ ಕ. ಕಣ್ಣಿಗೆ ಕಾಣುವ ಅಕ್ಷರ ಮೂರು: ಕ, ನ್ನ, ಡ. ಎಲ್ಲಾ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಐದು, ಯಾಕೆಂದರೆ ಒತ್ತಕ್ಷರದಲ್ಲಿ ನ, ಹಲಂತದ ಗುರುತು, ಮತ್ತೊಂದು ನ ಸೇರಿವೆ. ಆ ಸಂಖ್ಯೆಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಗೋದಲ್ಲಿ ಉದ್ದ ಹೇಳುವ ಲೆನ್ ಕೇಳಿದರೆ 15 ಅಂತಲೇ ಹೇಳುತ್ತದೆ.

ಉತ್ತರ ಕಳಿಸುವಾಗ ಕಂಟೆಂಟ್-ಲೆಂಗ್ತ್ ಎಂಬ ಹೆಡರಿನಲ್ಲಿ ಉದ್ದ ಹೇಳಬೇಕು. ಅಲ್ಲಿ ಬೇಕಾದ್ದು ಬೈಟುಗಳ ಲೆಕ್ಕ. ಕನ್ನಡ ಎಂಬ ಪದಕ್ಕೆ 3 ಅಂತ ಬರೆದು ನೋಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ಬ್ರೌಸರಿನಲ್ಲಿ ಕ ಮಾತ್ರ ಬರುತ್ತದೆ. 5 ಅಂತ ಬರೆದರೆ ಕ ಬಂದು, ಮುಂದಿನ ಅಕ್ಷರ ನಡುವೆಯೇ ಕತ್ತರಿಸಿ, ಪ್ರಶ್ನೆ ಚಿಹ್ನೆ ಇರುವ, ಮೂಲೆಯ ಮೇಲೆ ನಿಂತ ಕಪ್ಪು ಚೌಕ ಬರುತ್ತದೆ. 15 ಅಂತ ಬರೆದರೆ ಪೂರ್ತಿ ಪದ. ಕನ್ನಡ ಪುಟಗಳಲ್ಲಿ ಆ ಕಪ್ಪು ಚೌಕವನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಎಲ್ಲೋ ಒಬ್ಬರು ಅಕ್ಷರಕ್ಕೂ ಬೈಟಿಗೂ ವ್ಯತ್ಯಾಸ ತಿಳಿಯದೆ ಕತ್ತರಿಸಿದಾಗ ಅದು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಎರಡೂ ಲೆಕ್ಕ ಒಂದೇ ಆಗುವುದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣುವುದಿಲ್ಲ. ನಮ್ಮ ಲ್ಯಾಬುಗಳ ಎಲ್ಲಾ ಉದಾಹರಣೆಗಳೂ ಹಲೋ ವರ್ಲ್ಡ್ ಆಗಿರುವಾಗ ಕನ್ನಡಕ್ಕೆ ಆಗುವ ನಷ್ಟ ಇದು. ಇನ್ನೊಂದು ವಿಷಯ ಹೇಳಿದಾಗ ಮಕ್ಕಳು ತುಂಬ ಖುಷಿಪಡುತ್ತಾರೆ. ಯುಟಿಎಫ್-8 ರೂಪಿಸಿದವರು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. 2009ರಲ್ಲಿ ಹೊರಬಂದ ಗೋ ಭಾಷೆಯನ್ನು ರಾಬರ್ಟ್ ಗ್ರೀಸಮರ್ ಜೊತೆ ಸೇರಿ ಶುರು ಮಾಡಿದವರೂ ಅದೇ ಇಬ್ಬರು. ಕನ್ನಡ ಪದವನ್ನು ಗೋ ಪ್ರೋಗ್ರಾಮಿನಲ್ಲಿ ಹಾಗೇ ಬರೆದು ಕಳಿಸಬಹುದು, ಯಾವ ಕಸರತ್ತೂ ಬೇಕಿಲ್ಲ.

ಸುರಕ್ಷತೆಯ ಪಾಠವೂ ಇಲ್ಲೇ ಇದೆ. ಒಬ್ಬ ಹುಡುಗ ಟರ್ಮಿನಲ್‌ನಲ್ಲಿ ನೆಟ್‌ಕ್ಯಾಟ್ ಎಂಬ, ಟೈಪ್ ಮಾಡಿದ್ದನ್ನು ಹಾಗೇ ಜಾಲದ ಮೇಲೆ ಕಳಿಸುವ ಸಾಧನ ತೆರೆದು ಪಕ್ಕದವನ ಸರ್ವರಿಗೆ ಕೈಯಲ್ಲೇ ಕೋರಿಕೆ ಟೈಪ್ ಮಾಡುತ್ತಾನೆ. ಗೆಟ್ ಸಾಲು, ಹೋಸ್ಟ್ ಸಾಲು, ಕೊನೆಗೆ ಇನ್ನೊಂದು ಸಲ ಎಂಟರ್. ಉತ್ತರ ಬರುತ್ತದೆ. ಆ ಕೊನೆಯ ಎಂಟರ್ ಒತ್ತದೆ, ಆಗೊಂದು ಈಗೊಂದು ಹೆಡರ್ ಸಾಲು ಕಳಿಸುತ್ತಾ ಕೂತರೆ? ಸರ್ವರ್ ಕಾಯುತ್ತಲೇ ಇರುತ್ತದೆ. ಇಂಥ ನೂರಾರು ಸಂಪರ್ಕ ತೆರೆದು ದೊಡ್ಡ ಸರ್ವರುಗಳನ್ನು ನಿಲ್ಲಿಸಬಹುದು ಅಂತ 2009ರಲ್ಲಿ ರಾಬರ್ಟ್ ಹ್ಯಾನ್ಸೆನ್ ಸ್ಲೋಲೋರಿಸ್ ಎಂಬ ಸಾಧನದ ಮೂಲಕ ತೋರಿಸಿದರು. ಗೋದಲ್ಲಿ ಸಂಪರ್ಕಕ್ಕೆ ರೀಡ್ ಡೆಡ್‌ಲೈನ್, ಅಂದರೆ ಓದಿ ಮುಗಿಸಲು ಗಡುವು, ಹಾಕಿದರೆ ಅದಕ್ಕೆ ತಡೆ. ಗೋದ ಸಿದ್ಧ ಎಚ್‌ಟಿಟಿಪಿ ಸರ್ವರಿನಲ್ಲಿ ಇದಕ್ಕಾಗಿ ರೀಡ್‌ಹೆಡರ್‌ಟೈಮೌಟ್ ಇದೆ. ಆದರೆ ನಾವಾಗಿ ಹಾಕದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಹೆಡರ್ ಎಷ್ಟು ಉದ್ದ ಬರಬಹುದು ಎಂಬುದಕ್ಕೂ ಮಿತಿ ಬೇಕು. ಗೋ ಸರ್ವರ್ ತಾನಾಗಿ ಇಟ್ಟುಕೊಂಡಿರುವ ಮಿತಿ 1 ಎಂಬಿ. ನಮ್ಮ ಕೈಬರಹದ ಸರ್ವರಿಗೆ ನಾವೇ ಇಡಬೇಕು.

ಹೆಡರ್ ಹೆಸರಿಗೂ ಕೋಲನ್‌ಗೂ ನಡುವೆ ಜಾಗ ಬಿಟ್ಟರೆ ಏನು ಮಾಡಬೇಕು ಅಂತಲೂ ಕೇಳುತ್ತೇನೆ. ಹೆಚ್ಚಿನವರು ಆ ಜಾಗವನ್ನು ಒರೆಸಿ ಮುಂದೆ ಹೋಗೋಣ ಎನ್ನುತ್ತಾರೆ. ಉದಾರವಾಗಿ ಕಾಣುತ್ತದೆ. ಆದರೆ ನಿಯಮದ ಪ್ರಕಾರ ಸರ್ವರ್ ಅಂಥ ಕೋರಿಕೆಯನ್ನು ತಿರಸ್ಕರಿಸಬೇಕು. ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿ ಒಂದು ಥರ, ಹಿಂದಿರುವ ಸರ್ವರ್ ಇನ್ನೊಂದು ಥರ ಓದಿದರೆ, ಒಂದು ಕೋರಿಕೆಯ ಹೊಟ್ಟೆಯಲ್ಲಿ ಇನ್ನೊಂದನ್ನು ಬಚ್ಚಿಟ್ಟು ಒಳಗೆ ಸಾಗಿಸಬಹುದು. ಗೋದ ಲೈಬ್ರರಿಯೇ ಆ ಜಾಗವನ್ನು ಒರೆಸಿ ಒಪ್ಪಿಕೊಳ್ಳುತ್ತಿತ್ತು. 2019ರ ಸೆಪ್ಟೆಂಬರಿನಲ್ಲಿ 1.13.1 ಮತ್ತು 1.12.10 ಆವೃತ್ತಿಗಳಲ್ಲಿ ಸರಿಪಡಿಸಿದರು. ಅಷ್ಟು ಅನುಭವಿಗಳು ಬರೆದ ಕೋಡಿನಲ್ಲೂ ಒಂದು ಖಾಲಿ ಜಾಗ ಇಷ್ಟು ಕೆಲಸ ಮಾಡಿತು ಅಂತ ತಿಳಿದ ಮೇಲೆ ಮಕ್ಕಳು ನಿಯಮದ ಪಠ್ಯವನ್ನು ಬೇರೆ ಕಣ್ಣಿನಿಂದ ಓದುತ್ತಾರೆ.

ಕೈಯಲ್ಲಿ ಬರೆದು ಮುಗಿಸಿದ ಮೇಲೆ ಗೋದ ಲೈಬ್ರರಿಯಲ್ಲಿ ರೀಡ್‌ರಿಕ್ವೆಸ್ಟ್ ಎಂಬುದರ ಮೂಲ ಕೋಡ್ ತೆರೆದು ತೋರಿಸುತ್ತೇನೆ. ಅದು ಮುಕ್ತವಾಗಿದೆ, ಯಾರಾದರೂ ಓದಬಹುದು. ಮೊದಲ ಸಾಲು ಓದುತ್ತದೆ, ಖಾಲಿ ಜಾಗಗಳಲ್ಲಿ ಮೂರು ಮಾಡುತ್ತದೆ, ಆಮೇಲೆ ಖಾಲಿ ಸಾಲಿನ ತನಕ ಹೆಡರ್ ಓದುತ್ತದೆ. "ನಾವು ಮಾಡಿದ್ದೇ ಅಲ್ವಾ ಮೇಡಂ!" ಅಂತ ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ. ದೊಡ್ಡವರು ಬರೆದ ಕೋಡ್ ಓದಲು ಹೆದರುತ್ತಿದ್ದ ಮಕ್ಕಳಿಗೆ ಆ ಹೆದರಿಕೆ ಹೋಗುವುದು ಅಲ್ಲಿ. ಇದಾದ ಮೇಲೆ ಫ್ರೇಮ್‌ವರ್ಕ್ ಕಲಿಯಲಿ, ಬೇಡ ಅನ್ನುವವಳು ನಾನಲ್ಲ. ಕೆಲಸದ ಜಾಗದಲ್ಲಿ ಸಿದ್ಧ ಲೈಬ್ರರಿಯನ್ನೇ ಬಳಸಬೇಕು, ಕೈಬರಹದ್ದನ್ನು ಅಲ್ಲ.

ಇದೆಲ್ಲ ಹಳೇದು, ಈಗ ಎಚ್‌ಟಿಟಿಪಿ 2 ಮತ್ತು 3 ಬಂದಿವೆ, ಅವು ಅಕ್ಷರದ ಸಾಲುಗಳೇ ಅಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ಮಾತು ನಿಜ. 2015ರ ಎರಡನೇ ಆವೃತ್ತಿಯಿಂದ ಹೆಡರ್‌ಗಳು ಒತ್ತಿ ಕುಗ್ಗಿಸಿದ ಬೈಟುಗಳಾಗಿ ಹೋಗುತ್ತವೆ, ಹೊರಗಿನ ಜಾಲದಲ್ಲಿ ಗೂಢಲಿಪಿಯ ಹೊದಿಕೆಯೂ ಇರುತ್ತದೆ. ಆದರೆ ಹೋಸ್ಟ್ ಹೇಳುತ್ತಿದ್ದ ಮಾಹಿತಿ, ಕುಕಿ, ಅಕ್ಸೆಪ್ಟ್-ಲ್ಯಾಂಗ್ವೇಜ್, ಕಂಟೆಂಟ್-ಲೆಂಗ್ತ್ ಇವುಗಳ ಅರ್ಥ ಬದಲಾಗಿಲ್ಲ. 2022ರಲ್ಲಿ ಹೊರಬಂದ ಆರ್‌ಎಫ್‌ಸಿ 9110 ಎಂಬ ನಿಯಮದ ದಾಖಲೆ ಎಲ್ಲಾ ಆವೃತ್ತಿಗಳಿಗೂ ಸೇರಿದ ಅರ್ಥವನ್ನು ಒಂದೇ ಕಡೆ ಇಟ್ಟಿದೆ. ಕಣ್ಣಿಗೆ ಕಾಣುವ ರೂಪದಲ್ಲಿ ಒಮ್ಮೆ ಕಲಿತವರಿಗೆ ಕಾಣದ ರೂಪ ಕಷ್ಟವಾಗುವುದಿಲ್ಲ.

ಕೆಲಸಕ್ಕೆ ಇದರಿಂದ ಏನು ಪ್ರಯೋಜನ ಅಂತಲೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಅವರ ತಾಣದಲ್ಲಿ ಕೆಲವರಿಗೆ ಮಾತ್ರ 400 ದೋಷ ಬರುತ್ತಿತ್ತಂತೆ, ಬೇರೆಯವರಿಗೆ ಎಲ್ಲಾ ಸರಿ. ತಂಡದವರು ತಮ್ಮ ಕೋಡಿನಲ್ಲೇ ಹುಡುಕುತ್ತಿದ್ದರು. ಇವನು ಕೋರಿಕೆಯ ಹೆಡರ್ ತೆಗೆದು ಉದ್ದ ಎಣಿಸಿದ. ಕುಕಿ ಬೆಳೆದು ಬೆಳೆದು ಎಂಟು ಕೆಬಿ ದಾಟಿತ್ತು. ಮುಂದಿದ್ದ ಎಂಜಿನ್ ಎಕ್ಸ್ ಎಂಬ ಸರ್ವರ್ ಪ್ರೋಗ್ರಾಂ ಒಂದು ಹೆಡರ್ ಸಾಲಿಗೆ ಅಷ್ಟೇ ಜಾಗ ಇಟ್ಟಿತ್ತು, ಅದರ ಮೂಲ ಮಿತಿಯೇ ಅದು. ಕೋರಿಕೆ ಅವರ ಕೋಡಿನ ತನಕ ಬರುತ್ತಲೇ ಇರಲಿಲ್ಲ. "ಲ್ಯಾಬಿನಲ್ಲಿ 1024ಕ್ಕೆ ಕತ್ತರಿಸಿ ಹೋಗಿದ್ದು ನೆನಪಾಯ್ತು ಮೇಡಂ" ಅಂದ. ನನಗೆ ಅವತ್ತು ಆದ ಸಂತೋಷ ಹೇಳತೀರದು.

ಆದ್ದರಿಂದ ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ. ಡಿಪ್ಲೊಮಾ ಮತ್ತು ಡಿಗ್ರಿ ಎರಡರ ನೆಟ್‌ವರ್ಕ್ ಲ್ಯಾಬಿನಲ್ಲೂ ಫೈಲ್ ಕಳಿಸುವ ಹಳೇ ಪ್ರಯೋಗದ ಪಕ್ಕದಲ್ಲಿ ಇದನ್ನೂ ಸೇರಿಸಿ. ಎದುರಿಗೆ ನಿಜವಾದ ಬ್ರೌಸರ್ ಇರಲಿ. ಉತ್ತರದಲ್ಲಿ ಕನಿಷ್ಠ ಒಂದು ಕನ್ನಡ ವಾಕ್ಯ ಹೋಗಲಿ. ವೈವಾದಲ್ಲಿ ಹೆಡರ್ ಎಂದರೇನು ಅಂತ ಕೇಳುವ ಬದಲು, ನಿನ್ನ ಫೋನಿನ ಅಕ್ಸೆಪ್ಟ್-ಲ್ಯಾಂಗ್ವೇಜ್ ತೋರಿಸು ಅಂತ ಕೇಳಲಿ. ಕನ್ನಡ ತಾಣಗಳನ್ನು ನಡೆಸುವವರೂ ತಮ್ಮ ಸರ್ವರ್ ಆ ಸಾಲನ್ನು ಓದುತ್ತಿದೆಯೇ ಅಂತ ಒಮ್ಮೆ ನೋಡಲಿ.

ನಮ್ಮ ಲ್ಯಾಬಿಗೆ ನಾನು ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದೇನೆ. ಪ್ರೋಗ್ರಾಂ, ಮಕ್ಕಳು ಕೇಳುವ ಪ್ರಶ್ನೆಗಳು, ವಿಂಡೋಸ್ ಫೈರ್‌ವಾಲ್ ಕೇಳಿದಾಗ ಏನು ಒತ್ತಬೇಕು ಎಂಬುದರ ತನಕ ಎಲ್ಲಾ ಅದರಲ್ಲಿದೆ. ಬೇರೆ ಕಾಲೇಜಿನ ಅಧ್ಯಾಪಕರು ನಿಮ್ಮ ಕಚೇರಿಗೆ ಬರೆದರೆ, ದಯವಿಟ್ಟು ಆ ಪತ್ರಗಳನ್ನು ನನಗೆ ತಲುಪಿಸಿ. ಪ್ರತಿ ಮಾಡಿಸಿ ಕಳಿಸುತ್ತೇನೆ.

ಇತಿ,
ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿ,
ಹಾಸನ ಜಿಲ್ಲೆ